ಗುರುಶಾಂತಪ್ಪನವರ ವಾಕ್ಯ

ಸೈಬರ್ ಭದ್ರತೆಯಲ್ಲಿ ಎಂ.ಟೆಕ್. ಮಾಡಲು ಹೊರಟಾಗ ನನಗೆ ಮೂವತ್ತಮೂರು ವರ್ಷ. ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸಿದ್ದೆ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಅದೇ ವರ್ಷ ಗುಡ್ಡದ ಮೇಲಿನ ಹಳೆಯ ರೇಷ್ಮೆ ಮಿಲ್ಲಿನಲ್ಲಿ ಎರಡು ವರ್ಷದ ಕೋರ್ಸ್ ಶುರುವಾಗಿದೆ, ಮುಗಿಸಿದವರಿಗೆ ನೌಕರಿ ಕಾದು ಕೂತಿದೆ ಎಂದು ಸುದ್ದಿ ಬಂತು. ಅರ್ಜಿ ತುಂಬಿದೆ. ಅವ್ವ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಮಂದಿ ಗುಟ್ಟು ಕಾಯೂದೂ ಒಂದು ನೌಕರಿ ಏನ ಕಸ್ತೂರಿ?" ಎಂದಳು.

"ಹೌದವ್ವಾ, ಈಗ ಅದೇ ದೊಡ್ಡ ನೌಕರಿ."

"ಹಂಗಾದ್ರ ನಾ ಇಷ್ಟು ವರ್ಷ ಪುಕ್ಕಟೆ ಮಾಡೀನಿ" ಎಂದು ನಕ್ಕಳು.

ಅವಳ ಮಾತು ಸುಳ್ಳಲ್ಲ. ನಮ್ಮೂರಿನಲ್ಲಿ ಯಂತ್ರಗಳು ಮನಸ್ಸಿಗೆ ಬಂದ ಅಕ್ಷರ, ಅಂಕಿಗಳನ್ನು ಪಾಸ್‌ವರ್ಡ್ ಎಂದು ಒಪ್ಪುವುದಿಲ್ಲ. ಅವಕ್ಕೆ ಒಂದು ವಾಕ್ಯ ಬೇಕು. ಆ ವಾಕ್ಯ ನಿಜವಾಗಿರಬೇಕು, ಮತ್ತು ಅದನ್ನು ನೀವು ಯಾರಿಗೂ ಹೇಳಿರಬಾರದು. ಸುಳ್ಳು ಬರೆದರೆ ಪರದೆ ಸುಮ್ಮನೆ ನಿಮ್ಮ ಮುಖ ನೋಡುತ್ತದೆ. ನಿಜ ಬರೆದು ಆಮೇಲೆ ಒಬ್ಬರ ಕಿವಿಗೆ ಹಾಕಿದರೂ ಸಾಕು, ಆ ವಾಕ್ಯ ಅಲ್ಲಿಗೆ ಸತ್ತಂತೆ. ಹೊಸದಾಗಿ ಮದುವೆಯಾದವರು ಮೊದಲ ತಿಂಗಳಲ್ಲೇ ಎಲ್ಲವನ್ನೂ ಒಬ್ಬರಿಗೊಬ್ಬರು ಹೇಳಿಕೊಂಡುಬಿಟ್ಟು, ಮುಚ್ಚಿಹೋದ ಖಾತೆ ತೆರೆಸಲು ಬ್ಯಾಂಕಿನ ಮುಂದೆ ಕೈ ಕೈ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ನಮ್ಮ ಓಣಿಯ ಅಜ್ಜಿಯೊಬ್ಬಳು ಫೋನಿಗೆ ಹೊಸ ಗುಟ್ಟು ಬೇಕಾದಾಗಲೆಲ್ಲ ತನ್ನದೇ ಡಬ್ಬಿಯಿಂದ ಒಂದು ಚೂರು ಬೆಲ್ಲ ಕದ್ದು ತಿನ್ನುತ್ತಾಳೆಂದು ನಮಗೆಲ್ಲ ಗುಮಾನಿ. ಶಾಲೆಯಿಂದ ಓಡಿಬರುವ ಮಕ್ಕಳಿಗೆ ತಾಯಂದಿರು, "ಎಲ್ಲಾ ಹೇಳಿಬಿಡಬ್ಯಾಡ, ಒಂದೀಟು ಇಟ್ಟಕೋ, ಮುಂದ ಬೇಕಾಗ್ತೈತಿ" ಎನ್ನುತ್ತಾರೆ. ಬೆಳಗಿನ ಮಂಜಿನಲ್ಲಿ ಜನ ತುಂಬಿದ ಕೊಡ ಹೊತ್ತವರ ಹಾಗೆ, ಒಳಗಿನದು ತುಳುಕದಂತೆ ಮೆಲ್ಲಗೆ ನಡೆಯುವುದನ್ನು ನೋಡುತ್ತಲೇ ನಾನು ಬೆಳೆದೆ.

ಕೋರ್ಸಿನಲ್ಲಿ ನಾವು ಹನ್ನೊಂದು ಮಂದಿ. ಮಿಲ್ಲು ನಿಂತು ಇಪ್ಪತ್ತು ವರ್ಷವಾಗಿದ್ದರೂ ಮಾಳಿಗೆಯಿಂದ ರೇಷ್ಮೆ ಎಳೆಗಳು ಇನ್ನೂ ಇಳಿಯುತ್ತಿದ್ದವು. ಪಾಠದ ನಡುವೆ ಒಂದೊಂದು ಎಳೆ ತೇಲುತ್ತ ಬಂದು ಕೀಬೋರ್ಡಿನ ಮೇಲೆ ಮಲಗುತ್ತಿತ್ತು. ನಾವು ಊದಿ ಮುಂದಿನ ಸಾಲು ಬರೆಯುತ್ತಿದ್ದೆವು. ಹಾಜಿರಾ ಮೇಡಂ ನಮ್ಮ ಮುಖ್ಯ ಅಧ್ಯಾಪಕಿ. ಸಣ್ಣ ದೇಹ, ದೊಡ್ಡ ಕನ್ನಡಕ, ಎಂದೂ ಏರದ ದನಿ. ಮೊದಲ ದಿನವೇ ಕೇಳಿದರು: "ಯಾವ ಪಾಸ್‌ವರ್ಡ್ ಗಟ್ಟಿ?"

ನನ್ನ ಪಕ್ಕದ ನಿಂಗರಾಜ, ಎಲ್ಲದಕ್ಕೂ ಮೊದಲು ಕೈ ಎತ್ತುವವನು, "ದೊಡ್ಡ ಪಾಪ, ಮೇಡಂ" ಎಂದ.

"ದೊಡ್ಡ ಪಾಪ ಊರಿಗೆಲ್ಲಾ ಗೊತ್ತಿರತೈತಿ. ಯಾರಿಗೂ ಗೊತ್ತಿಲ್ಲ ಅಂತ ತಿಳಕೊಂಡಿರಾಂವ ಮಾಡಿದಾಂವ ಒಬ್ಬನ" ಎಂದರು ಮೇಡಂ. "ಸಣ್ಣದು ಗಟ್ಟಿ. ಒಂದು ಮಧ್ಯಾಹ್ನ ಸುಮ್ಮನ ಕುಂತಾಗ ಏನೋ ಒಂದು ಅನಿಸಿರತೈತಿ ನೋಡ್ರಿ, ಅದನ್ನ ಯಾರು ಊಹಾ ಮಾಡ್ತಾರ?"

ಎರಡು ವರ್ಷ ಕಷ್ಟಪಟ್ಟು ಓದಿದೆ. ನೆಟ್‌ವರ್ಕ್, ಗೂಢಲಿಪಿ, ದಾಳಿ ನಡೆದ ಮೇಲೆ ಹೆಜ್ಜೆ ಗುರುತು ಹುಡುಕುವ ವಿದ್ಯೆ. ನನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಗಣಿತಕ್ಕೆ ಹೆದರಿ ಒಂದು ಸಲ ಕೋರ್ಸ್ ಬಿಡಲೂ ಹೊರಟಿದ್ದೆ. ಆದರೆ ಕಾನೂನು ಮತ್ತು ನೀತಿಯ ಪಾಠ ನನ್ನನ್ನು ಹಿಡಿದು ನಿಲ್ಲಿಸಿತು. ಯಾರ ಯಂತ್ರವನ್ನು ಪರೀಕ್ಷಿಸುವ ಮೊದಲೂ ಒಂದು ಅನುಮತಿ ಪತ್ರ ಬೇಕು: ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು. "ಕೇಳಲಾರದ ಬಾಗಿಲಾ ತಗದಾಂವ ಕಳ್ಳ, ಕೇಳಿ ತಗದಾಕಿ ನೀನು" ಎನ್ನುತ್ತಿದ್ದರು ಮೇಡಂ. "ನಡುವ ಇರೂದು ಒಂದು ಹಾಳಿ ಅಷ್ಟ. ಹರೀಬ್ಯಾಡ್ರಿ."

ನಾಲ್ಕನೆಯ ಸೆಮಿಸ್ಟರಿನಲ್ಲಿ ಎಲ್ಲರಿಗೂ ಒಂದೊಂದು ಪ್ರಾಜೆಕ್ಟ್ ಹಂಚುವ ವಾರ ನೀರು ಮಂಡಳಿಯ ಗುರುಶಾಂತಪ್ಪನವರಿಗೆ ಲಕ್ವಾ ಹೊಡೆಯಿತು.

ಊರಿನ ನೀರೆಲ್ಲ ಮೇಲಿನ ಕೆರೆಯಿಂದ ಹನ್ನೊಂದು ತೂಬುಗಳ ಮೂಲಕ ಇಳಿಯುತ್ತದೆ. ತೂಬುಗಳು ನೀರಿನ ಆಳದಲ್ಲಿವೆ, ಕೈಯಿಂದ ತೆರೆಯುವಂತಿಲ್ಲ. ಯಾವುದು ಯಾವ ಹೊತ್ತಿಗೆ ಎಷ್ಟು ತೆರೆಯಬೇಕೆಂಬ ವೇಳಾಪಟ್ಟಿಯನ್ನು ವರ್ಷಕ್ಕೊಮ್ಮೆ ಯಂತ್ರಕ್ಕೆ ಬರೆದು ಕೊಡಬೇಕು. ಇಪ್ಪತ್ತೇಳು ವರ್ಷ ಅದನ್ನು ಬರೆದವರು ಗುರುಶಾಂತಪ್ಪ ಒಬ್ಬರೇ. ಆ ಯಂತ್ರ ಅವರ ವಾಕ್ಯಕ್ಕೆ ಬಿಟ್ಟರೆ ಯಾರದಕ್ಕೂ ತೆರೆಯುತ್ತಿರಲಿಲ್ಲ. ಈಗ ಅವರ ಬಲಭಾಗ ಬಿದ್ದುಹೋಗಿತ್ತು, ದನಿ ಹೋಗಿತ್ತು. ಹಳೆಯ ವೇಳಾಪಟ್ಟಿ ಮುಗಿಯಲು ಹದಿನೆಂಟು ದಿನ ಉಳಿದಿತ್ತು. ಹತ್ತೊಂಬತ್ತನೆಯ ಬೆಳಿಗ್ಗೆ ತೂಬುಗಳು ಮುಚ್ಚಿಕೊಂಡರೆ ಮತ್ತೆ ತೆರೆಯುವವರಿಲ್ಲ.

ಮಂಡಳಿಯ ಕಾರ್ಯದರ್ಶಿ ಮಲ್ಲೇಶಪ್ಪ ಕಾಲೇಜಿಗೆ ಬಂದರು. ಯಂತ್ರವನ್ನು ತೆರೆದುಕೊಟ್ಟವರಿಗೆ ಮಂಡಳಿಯಲ್ಲಿ ಭದ್ರತಾ ಅಧಿಕಾರಿಯ ಹುದ್ದೆ ಎಂದರು. ಮೇಡಂ ತರಗತಿಯ ಮೇಲೆ ಕಣ್ಣಾಡಿಸಿ ನನ್ನಲ್ಲಿ ನಿಲ್ಲಿಸಿದರು. "ಕಸ್ತೂರಿ ಮಾಡ್ಲಿ. ನಿಂಗರಾಜ ಕೈ ಜೋಡಿಸ್ಲಿ."

ದಾರಿಗಳು ಹೆಚ್ಚಿರಲಿಲ್ಲ. ಗುರುಶಾಂತಪ್ಪನವರು ಹೇಗಾದರೂ ವಾಕ್ಯವನ್ನು ನಮಗೆ ತಿಳಿಸಿದರೆ ಆ ಕ್ಷಣವೇ ಅದು ಸಾಯುತ್ತದೆ, ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಅವರು ಹೇಳದೆ ನಾವೇ ಊಹಿಸಿದರೆ ಮಾತ್ರ ತೆರೆಯುತ್ತದೆ. ಅದಕ್ಕೂ ದಿನಕ್ಕೆ ಮೂರೇ ಪ್ರಯತ್ನ. ನಿಂಗರಾಜ ಊರಲ್ಲಿ ಓಡಾಡಿ ಊಹೆಗಳನ್ನು ಕಲೆಹಾಕಿದ. ಚಹಾದ ಅಂಗಡಿ, ಕ್ಷೌರದಂಗಡಿ, ನಳದ ಕಟ್ಟೆ, ಎಲ್ಲರಿಗೂ ಒಂದೊಂದು ಗೊತ್ತಿತ್ತು. ಒಬ್ಬ ಮೌನಿ ಮನುಷ್ಯನ ಮೇಲೆ ಊರು ಇಷ್ಟೊಂದು ಕನಸು ಕಟ್ಟಿಟ್ಟಿದೆ ಎಂದು ನಾನು ತಿಳಿದಿರಲಿಲ್ಲ. ಕೆರೆಯ ತಳದಲ್ಲಿ ಅವರು ಒಂದು ಊರು ಕಂಡಿದ್ದಾರೆ. ಅವರಿಗೆ ಈಜು ಬರುವುದಿಲ್ಲ. ಅವರಿಗೆ ಇನ್ನೊಬ್ಬಾಕಿ ಇದ್ದಾಳೆ. ಮುನ್ನೂರ ನಲವತ್ತು ವಾಕ್ಯಗಳಾದವು. ಸಾಧ್ಯತೆಯ ಪ್ರಕಾರ ಜೋಡಿಸಿ ದಿನಕ್ಕೆ ಮೂರರಂತೆ ಹಾಕುತ್ತ ಹೋದೆ. ಒಂಬತ್ತು ದಿನ, ಇಪ್ಪತ್ತೇಳು ವಾಕ್ಯ. ಪರದೆ ಸುಮ್ಮನೆ ನನ್ನ ಮುಖ ನೋಡಿತು.

ಅಷ್ಟರಲ್ಲಿ ಪಟ್ಟಿಯ ಸುದ್ದಿ ಎಲ್ಲೆಡೆ ಹರಡಿತ್ತು. ಊಹೆ ಹೊತ್ತವರು ನೇರ ಮನೆಗೇ ಬಂದು, ಮಲಗಿದ್ದ ಗುರುಶಾಂತಪ್ಪನವರ ಕಿವಿಯ ಹತ್ತಿರ ಬಗ್ಗಿ, "ಇದ ಹೌದಲ್ಲೋ?" ಎಂದು ಕೇಳತೊಡಗಿದರು. ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು. ನಾನು ಹೋದಾಗಲೂ ತಿರುಗಲಿಲ್ಲ. ಅವರ ಹೆಂಡತಿ ಶಿವಲೀಲಕ್ಕ ನನ್ನನ್ನು ಅಡುಗೆಮನೆಗೆ ಕರೆದರು. ಐವತ್ತೈದರ ಗಟ್ಟಿ ಹೆಂಗಸು. ಗಂಜಿ ತಿರುವುತ್ತಲೇ ಇದ್ದರು, ನನ್ನ ಕಡೆ ನೋಡಲಿಲ್ಲ.

"ಆ ಪಟ್ಟ್ಯಾಗ ಯಾವುದರೆ ಹೆಣ್ಣುಮಗಳ ಹೆಸರು ಐತೇನವಾ?"

"ಮಂದಿ ಬಾಯಿ ಅಕ್ಕಾ. ಏನೇನೋ ಅಂತಾರ."

"ತಿಂಗಳಿಗೊಂದು ದಿನ ಮ್ಯಾಲಿನ ಕೆರೀಗೆ ಹೋದ್ರ ಸಂಜೀತನಕ ಬರ್ತಿರಲಿಲ್ಲ. ನಾ ಒಂದಿನಾನೂ ಕೇಳಲಿಲ್ಲ. ಅವರಿಗೂ ಒಂದು ವಾಕ್ಯ ಬೇಕಲ್ಲ ಅಂತ ಬಿಟ್ಟೆ." ಸೌಟು ನಿಂತಿತು. "ನಿನಗ ಸಿಕ್ಕರ ನನಗಷ್ಟ ಹೇಳು. ನಾ ಯಾರ ಮುಂದೂ ಆಡೂದಿಲ್ಲ."

ನಾನು ಗಂಜಿಯ ಬಟ್ಟಲು ಹಿಡಿದು ಕೋಣೆಗೆ ಹೋಗಿ ಅವರ ಹಾಸಿಗೆಯ ಪಕ್ಕ ಕೂತೆ. ಪಕ್ಕದ ಮನೆಯ ರೇಡಿಯೋದಲ್ಲಿ ಯಾರೋ ತಬಲಾ ನುಡಿಸುತ್ತಿದ್ದರು. ಮಂಚದ ಅಂಚಿನ ಮೇಲೆ ಬಿದ್ದಿದ್ದ ಅವರ ಎಡಗೈ ಅಲುಗಲಿಲ್ಲ. ಆದರೆ ಹೆಬ್ಬೆರಳು ಮಾತ್ರ, ಮರದ ಮೇಲೆ, ತಾಳ ತಪ್ಪದೆ ಒತ್ತುತ್ತಿತ್ತು. ನಾನು ಬಟ್ಟಲು ಕೆಳಗಿಟ್ಟೆ. ಹತ್ತು ದಿನದಿಂದ ಇಡೀ ಊರು, ಅದರಲ್ಲಿ ಎರಡು ವರ್ಷ ಇದೇ ಓದಿದ ನಾನೂ, ಇವರೊಳಗಿನದನ್ನು ಹೊರಗೆಳೆಯುವುದು ಹೇಗೆಂದೇ ಯೋಚಿಸಿದ್ದೆವು. ಬಾಗಿಲ ಯಜಮಾನ ಇಲ್ಲೇ ಮಲಗಿದ್ದಾನೆ, ಅವನೇ ತೆರೆಯಲಿ ಎಂದು ಯಾರಿಗೂ ಹೊಳೆದಿರಲಿಲ್ಲ.

"ಕಾಕಾ, ನೀವ ಬರೀತೀರೇನ? ಯಾರೂ ನೋಡೂದಿಲ್ಲ. ನಾನೂ ನೋಡೂದಿಲ್ಲ."

ಅವರು ಮೆಲ್ಲಗೆ ಗೋಡೆಯಿಂದ ಮುಖ ತಿರುಗಿಸಿದರು. ಅವರ ಕಣ್ಣು ತಿಳಿಕಂದು ಬಣ್ಣದ್ದೆಂದು ಆಗ ಗೊತ್ತಾಯಿತು. ಹೆಬ್ಬೆರಳು ಒಂದು ಸಲ ಮರವನ್ನು ಒತ್ತಿತು. ನಾನು ಅನುಮತಿ ಪತ್ರ ತೆಗೆದು ಓದಿ ಹೇಳಿ, ಅದೇ ಹೆಬ್ಬೆರಳಿನ ಗುರುತು ಹಾಕಿಸಿಕೊಂಡೆ.

ಪ್ರೋಗ್ರಾಂ ಬರೆಯಲು ನಾಲ್ಕು ದಿನ ಹಿಡಿಯಿತು. ಪರದೆಯ ಮೇಲೆ ಅಕ್ಷರಮಾಲೆ ಒಂದೊಂದಾಗಿ ಹಾದುಹೋಗುತ್ತದೆ. ಬೇಕಾದದ್ದು ಬಂದಾಗ ಒತ್ತಬೇಕು. ಆಮೇಲೆ ಅದರ ಕಾಗುಣಿತ ಹಾದುಹೋಗುತ್ತದೆ, ಆಮೇಲೆ ಒತ್ತಕ್ಷರ. ಒತ್ತಲು ಮನೆಯ ಕರೆಗಂಟೆಯ ಗುಂಡಿಯನ್ನೇ ಕಿತ್ತು ತಂದೆವು. ನಿಂಗರಾಜ ತಂತಿ ಬೆಸೆಯುತ್ತ, "ಕಾಕಾ ಒತ್ತಕ್ಷರ ಇಲ್ಲದ ನಿಜ ಆರಿಸಿದ್ರ ಚೊಲೊ, ಇಲ್ಲಂದ್ರ ಮಧ್ಯಾಹ್ನದ ಊಟ ತಪ್ಪತೈತಿ" ಎಂದ. ನಾನೇ ಹತ್ತಾರು ಸಲ ಕಣ್ಣುಮುಚ್ಚಿ, ಎಡಗೈ ಹೆಬ್ಬೆರಳಿನಿಂದ ನನ್ನ ಹೆಸರು ಬರೆದು ಪರೀಕ್ಷಿಸಿದೆ. 'ಸ್ತೂ' ಬರೆಯಲು ಮೂರು ನಿಮಿಷ ಬೇಕಾಯಿತು.

ಹದಿನಾರನೆಯ ದಿನ ಬೆಳಿಗ್ಗೆ ಯಂತ್ರದ ತಂತಿಯನ್ನು ಅವರ ಕೋಣೆಗೆ ಎಳೆದೆವು. ಗುಂಡಿಯನ್ನು ಹೆಬ್ಬೆರಳಿನ ಕೆಳಗಿಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಪಡಸಾಲೆಗೆ ಬಂದು ಕೂತೆವು. ಮೇಡಂ, ಮಲ್ಲೇಶಪ್ಪ, ನಿಂಗರಾಜ, ಶಿವಲೀಲಕ್ಕ, ನಾನು. ಒಳಗಿನಿಂದ ಟಿಕ್ ಎಂಬ ಸದ್ದು ಬರುತ್ತಿತ್ತು, ತುಂಬ ಹೊತ್ತು ಬಿಟ್ಟು ಇನ್ನೊಂದು ಟಿಕ್. ಬಿಸಿಲು ಹೊಸ್ತಿಲು ದಾಟಿ ಒಳಬಂತು, ನಮ್ಮ ಪಾದ ಮುಟ್ಟಿತು, ತಿರುಗಿ ಹೋಯಿತು. ಮಲ್ಲೇಶಪ್ಪ ಕೂತಲ್ಲೇ ನಿದ್ದೆಹೋದರು. ಶಿವಲೀಲಕ್ಕ ಮಾತ್ರ ಒಂದೊಂದು ಟಿಕ್‌ಗೂ ಸೆರಗಿನ ಅಂಚನ್ನು ಒಂದೊಂದು ಮಡಿಕೆ ಮಡಚುತ್ತಿದ್ದರು. ಮಧ್ಯಾಹ್ನ ಮೂರರ ಸುಮಾರಿಗೆ ಯಂತ್ರದ ಗಂಟೆ ಉದ್ದಕ್ಕೆ ಬಾರಿಸಿತು. ಒಳಗೆ ಓಡಿದೆವು. ಪರದೆಯ ಮೇಲೆ ಚುಕ್ಕೆಗಳ ಒಂದು ದೀರ್ಘ ಸಾಲು, ಅದರ ಕೆಳಗೆ ಹನ್ನೊಂದು ತೂಬುಗಳ ಹೆಸರು. ಗುರುಶಾಂತಪ್ಪನವರ ಹಣೆಯೆಲ್ಲ ಬೆವರು. ಮಲ್ಲೇಶಪ್ಪ ಹೊಸ ವೇಳಾಪಟ್ಟಿ ಏರಿಸಿದರು, ಇನ್ನಿಬ್ಬರ ಹೆಸರನ್ನೂ ಯಂತ್ರಕ್ಕೆ ಸೇರಿಸಿದರು. ಗೋಡೆಯೊಳಗಿನ ಕೊಳವೆಯಲ್ಲಿ ನೀರು ಮಗ್ಗುಲು ಬದಲಿಸಿದ ಸದ್ದು ಕೇಳಿತು.

ಮಾರನೆಯ ದಿನ ಊರೆಲ್ಲ ನನ್ನ ಹೆಸರು. ನಾನು ಮಿಲ್ಲಿನ ಲ್ಯಾಬಿನಲ್ಲಿ ಕೂತು ಪ್ರಾಜೆಕ್ಟಿನ ವರದಿಗೆಂದು ಕಡತಗಳನ್ನು ಜೋಡಿಸುತ್ತಿದ್ದೆ. ಒಂದು ಕಡತ ತೆರೆದೆ. ಪರೀಕ್ಷೆಯ ದಿನಗಳಲ್ಲಿ ತಪ್ಪು ಹುಡುಕಲೆಂದು, ಒತ್ತಿದ ಪ್ರತಿ ಅಕ್ಷರವೂ ದಾಖಲಾಗುವಂತೆ ನಾನೇ ಮಾಡಿಟ್ಟಿದ್ದೆ. ಅದನ್ನು ನಿಲ್ಲಿಸಲು ಮರೆತಿದ್ದೆ. ಮೊದಲ ಸಾಲು ಕಣ್ಣಿಗೆ ಬಿತ್ತು. "ಶಿವಲೀಲಾ ನಕ್ಕರೆ" ಎಂಬಲ್ಲಿಯವರೆಗೆ ಓದಿ, ಅಂಗೈಯಿಂದ ಪರದೆ ಮುಚ್ಚಿದೆ. ನೋಡದೆಯೇ ತಡಕಾಡಿ ಕಡತ ಅಳಿಸಿದೆ. ಒಂದು ಎಳೆ ರೇಷ್ಮೆ ಇಳಿದು ಬಂದು ಮಣಿಕಟ್ಟಿನ ಮೇಲೆ ಕೂತಿತು.

ಅದೇ ಹೊತ್ತಿಗೆ ಲ್ಯಾಪ್‌ಟಾಪ್ ನನ್ನ ಪಾಸ್‌ವರ್ಡಿನ ಅವಧಿ ಮುಗಿಯಿತು, ಹೊಸದು ಕೊಡು ಎಂದಿತು. ಬೆರಳುಗಳು ತಾವಾಗಿಯೇ ಬರೆದವು: ನಾನು ಗುರುಶಾಂತಪ್ಪನವರ ವಾಕ್ಯದ ಎರಡು ಪದ ಓದಿದ್ದೇನೆ. ಯಂತ್ರ ಹಿಂದೆಂದೂ ಇಲ್ಲದಷ್ಟು ಬೇಗ ಒಪ್ಪಿಕೊಂಡಿತು. ಎಂಥ ಗಟ್ಟಿ ಪಾಸ್‌ವರ್ಡ್! ಜೀವಮಾನವೆಲ್ಲ ಬಾಳಿಕೆ ಬರುವಂಥದ್ದು. ಮೂರು ದಿನ ಅದನ್ನು ಬರೆದೇ ನನ್ನ ಯಂತ್ರ ತೆರೆದೆ. ಮೂರು ದಿನವೂ ಅನ್ನ ರುಚಿಸಲಿಲ್ಲ.

ಮೂರನೆಯ ದಿನ ಶಿವಲೀಲಕ್ಕ ಗುಡ್ಡ ಹತ್ತಿ ಬಂದರು. ನನಗೆಂದು ಹೋಳಿಗೆ ಕಟ್ಟಿಕೊಂಡು ಬಂದಿದ್ದರು. ಡಬ್ಬಿಯನ್ನು ಕೈಗೆ ಕೊಟ್ಟು, ಬಿಡದೆ ಹಿಡಿದುಕೊಂಡೇ ನಿಂತರು. "ನಿನಗ ಗೊತ್ತೈತಿ. ಮಾರೀ ಮ್ಯಾಲೆ ಬರದೈತಿ. ಆಕಿ ಹೆಸರಷ್ಟ ಹೇಳು."

ಆಕೆಯ ಹೆಸರು! ನೀವೇ ಅಕ್ಕಾ, ನೀವು ನಕ್ಕದ್ದು ಎಂದು ಹೇಳಿದ್ದರೆ ಆ ಮುಖ ಹೇಗೆ ಅರಳುತ್ತಿತ್ತೆಂದು ಕಣ್ಣೆದುರು ಕಂಡೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದು ನನ್ನ ಮಾತಲ್ಲ. ಮೂರನೆಯ ಪದ ಏನಿತ್ತೋ ನನಗೆ ಗೊತ್ತಿಲ್ಲ. "ನನಗ ಹೇಳಾಕ ಬರೂದಿಲ್ಲ ಅಕ್ಕಾ" ಎಂದೆ.

"ಆತು ಬಿಡು" ಎಂದು ಡಬ್ಬಿ ಬಿಟ್ಟರು. ಇಳಿಜಾರಿನ ಮಂಜಿನಲ್ಲಿ ಅವರ ತಲೆ ಕಾಣದಾಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಆಮೇಲೆ ಹೋಗಿ ವರದಿಯ ಕೊನೆಯ ಅಧ್ಯಾಯ ಬರೆದೆ. ದಾಖಲೆ ನಿಲ್ಲಿಸಲು ಮರೆತದ್ದು, ಎರಡು ಪದ ಓದಿದ್ದು, ಅಳಿಸಿದ್ದು, ಎಲ್ಲ. ಪದಗಳು ಯಾವುವೆಂದು ಮಾತ್ರ ಬರೆಯಲಿಲ್ಲ. ಹಾಳೆಗಳನ್ನು ಮೇಡಂ ಕೈಗಿತ್ತಾಗ, ಅವರು ಆ ಪುಟ ಓದಿ ಮುಗಿಸಿದ ಗಳಿಗೆಗೆ ನನ್ನ ಚೀಲದೊಳಗಿನ ಲ್ಯಾಪ್‌ಟಾಪ್ ಕಟ್ ಎಂದು ಸದ್ದು ಮಾಡಿ ಮುಚ್ಚಿಕೊಂಡಿತು.

ಮೌಖಿಕ ಪರೀಕ್ಷೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗುಂಡಿಯ ಉಪಾಯವನ್ನು ಹೊಗಳಿ, "ಆದರೆ ದಾಖಲೆ ನಿಲ್ಲಿಸದೆ ಬಿಟ್ಟದ್ದು ಭದ್ರತೆಯಲ್ಲಿ ಮೊದಲ ದರ್ಜೆಯ ತಪ್ಪು" ಎಂದು ಅಂಕ ಕಳೆದರು. ಮಲ್ಲೇಶಪ್ಪನವರು ಹುದ್ದೆಯನ್ನು ನಿಂಗರಾಜನಿಗೆ ಕೊಟ್ಟರು. ಅವನು ನನ್ನೆದುರು ಬಂದು ನಿಂತ. "ಚೊಲೊ ಆತಪಾ, ನೀ ಕೂಡ ತಂತಿ ಬೆಸದೀಯಲ್ಲ" ಎಂದು ನಾನೇ ಕೈ ಕುಲುಕಿದೆ. ಒಳಗೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ನಾನು ಆಸ್ಪತ್ರೆಯ ದಾಖಲೆಗಳನ್ನು ಕಾಯುವ ಕೆಲಸದಲ್ಲಿದ್ದೇನೆ. ಆದರೆ ಆ ದಿನ ನನ್ನ ಮುಂದೆ ಯಾವ ಕೆಲಸವೂ ಇರಲಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದವಳ ಪಕ್ಕ ಹಾಜಿರಾ ಮೇಡಂ ಬಂದು ಕೂತರು. "ನನಗ ಹೇಳಿದಿ, ಪರೀಕ್ಷಕರಿಗೆ ಹೇಳಿದಿ. ಆ ವಾಕ್ಯ ಯಾರದೋ ಅವರಿಗೆ ಹೇಳಿದೇನು?"

ನಾನು ಎದ್ದೆ.

ಗುರುಶಾಂತಪ್ಪನವರು ಕಿಟಕಿಯ ಕಡೆ ಮುಖಮಾಡಿ ಒರಗಿದ್ದರು. ಗುಂಡಿ ಇನ್ನೂ ಅವರ ಹೆಬ್ಬೆರಳಿನ ಕೆಳಗೇ ಇತ್ತು. ಈಗ ಅದರಿಂದ ನೀರು ಬೇಕು, ದಿಂಬು ಸರಿಸು ಎಂದೆಲ್ಲ ಬರೆಯುತ್ತಿದ್ದರಂತೆ. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನೋಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ನೋಡಿದೆ, ತಪ್ಪಾಯಿತು ಎಂದೆ. ಆಮೇಲೆ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ನಿಂತವು: ಯಾವ ಎರಡು.

ಬಾಗಿ, ಕಿವಿಯ ಹತ್ತಿರ ಹೇಳಿದೆ. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ಮುಖ ನೋಡಿದೆ. ದನಿಯಿಲ್ಲದೆ, ಅರ್ಧ ಬಾಯಿಯಿಂದ, ಅವರು ನಗುತ್ತಿದ್ದರು. ನಗು ನಿಂತ ಮೇಲೆ ಹೆಬ್ಬೆರಳು ಮತ್ತೆ ಕೆಲಸಕ್ಕೆ ಇಳಿಯಿತು: ಆಕಿನ್ನ ಕರಿ.

ಶಿವಲೀಲಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ನನ್ನನ್ನು ಕಂಡು ಮುಖ ಬಿಗಿಯಾಯಿತು. ನಾನು ಕುರ್ಚಿಯನ್ನು ಪರದೆಯ ಮುಂದೆ ಎಳೆದುಕೊಟ್ಟೆ. ದಾಖಲೆಯ ವ್ಯವಸ್ಥೆಯನ್ನು ಅವರಿಬ್ಬರ ಎದುರಿಗೇ ತೆಗೆದುಹಾಕಿ, ಇನ್ನು ಏನೂ ಉಳಿಯುವುದಿಲ್ಲ ಎಂದು ಹೇಳಿದೆ. ಅಕ್ಷರಮಾಲೆ ಹಾದುಹೋಗತೊಡಗಿತು. ಟಿಕ್. ಶಿವಲೀಲಕ್ಕ ದೊಡ್ಡ ದನಿಯಲ್ಲಿ ಓದಿದರು. "ಶಿ." ಇನ್ನೊಂದು ಟಿಕ್. "ವ. ಶಿವ ಅಂದ್ರ ದೇವರೋ? ನಾನೋ?"

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಕಿಟಕಿ ತೆರೆದೇ ಇತ್ತು. "ತಡೀರಿ, ಅದು ತಪ್ಪಾತು, ಅಳಸ್ರಿ. ಗಡಿಬಿಡಿ ಯಾಕ? ನನಗೇನು ಬ್ಯಾರೆ ಕೆಲಸ ಐತಿ?" ಎಂಬ ದನಿ ಬೀದಿಗೆ ಕೇಳುತ್ತಿತ್ತು. ಆಮೇಲೆ ದನಿ ಸಣ್ಣದಾಯಿತು. ನಾನು ನಡಿಗೆಯನ್ನು ಚುರುಕು ಮಾಡಿದೆ, ಆಮೇಲೆ ಓಡಿದೆ. ಮೂರನೆಯ ಪದ ಕಿವಿಗೆ ಬೀಳುವ ಮೊದಲೇ ಓಣಿ ದಾಟಿದ್ದೆ.